ಎಂಟು ಲಕ್ಷದ ಕಾರು, ಹತ್ತು ಲಕ್ಷದ ಚೀಟಿ

"ಏನೇ, ಕೇಳಿದೆಯಾ? ಕಾರಿನ ಮೇಲೆ ಜಿಎಸ್‌ಟಿ ಇಳಿಸಿದ್ದಾರಂತೆ. ಈ ದೀಪಾವಳಿಗೆ ತಂದೇ ಬಿಡೋಣ!"

2025ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮವರು ಪತ್ರಿಕೆ ಮಡಿಸುತ್ತಾ ಹೀಗೆಂದಾಗ ನಾನು ಹಿತ್ತಲಲ್ಲಿ ಬೇಯಿಸಿದ ಅಡಿಕೆ ಹರವುತ್ತಿದ್ದೆ. ನಮ್ಮದು ಭದ್ರಾ ಅಣೆಕಟ್ಟೆಯ ಮಗ್ಗುಲಿನ ಲಕ್ಕವಳ್ಳಿ. ಆಸ್ಪತ್ರೆ, ಮದುವೆ, ಮಕ್ಕಳ ಕಾಲೇಜು ಎಂದು ವಾರಕ್ಕೆರಡು ಸಲ ತರೀಕೆರೆಗೋ ಶಿವಮೊಗ್ಗಕ್ಕೋ ಓಡಾಟ ಇದ್ದದ್ದೇ. ಮನೆಯಲ್ಲಿದ್ದ ಹಳೆಯ ಆಲ್ಟೊ ಮಳೆಗಾಲದಲ್ಲಿ ಎರಡು ಸಲ ದಾರಿಯಲ್ಲೇ ನಿಂತಿತ್ತು. ಆದ್ದರಿಂದ ನಾನೂ "ಹೂಂ" ಎಂದೆ.

ಹೂಂ ಎಂದವಳಿಗೆ ಮುಂದಿನ ಭಾನುವಾರ ಒಂದು ಚೀಟಿ ಸಿಕ್ಕಿತು. ಶೋರೂಮಿನಿಂದ ಇವರು ತಂದ ಕೊಟೇಶನ್. ಮೇಲೆ ದಪ್ಪ ಅಕ್ಷರದಲ್ಲಿ 8,00,000 ರೂಪಾಯಿ, ಕೆಳಗೆ ಕೊನೆಯ ಸಾಲಿನಲ್ಲಿ 10,21,500 ರೂಪಾಯಿ! ನಡುವಿನ ಸಾಲುಗಳನ್ನು ಇವರು ಓದಿಯೇ ಇರಲಿಲ್ಲ. "ಬ್ಯಾಂಕಿನ ಸಾಲ, ಅಡಿಕೆ ದುಡ್ಡು ಎಲ್ಲ ಸೇರಿಸಿದರೂ ತೊಂಬತ್ತು ಸಾವಿರ ಕಮ್ಮಿ ಬೀಳುತ್ತೆ. ನಿನ್ನ ಅವಲಕ್ಕಿ ಸರ ಒಂದಾರು ತಿಂಗಳು ಗಿರವಿ ಇಟ್ಟರೆ..." ಎಂದು ಮೆಲ್ಲಗೆ ಶುರು ಮಾಡಿದರು.

ಅದು ನನ್ನ ತವರಿನ ಸರ. ಬೀರುವಿನ ಬಾಗಿಲು ತೆಗೆಯುವ ಮುಂಚೆ ಚೀಟಿ ಓದುತ್ತೇನೆ ಎಂದು ಹಟ ಹಿಡಿದೆ. ಓದಿ, ನಾಲ್ಕು ಜನರನ್ನು ಕೇಳಿ ನಾನು ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ, ಸೋದರಿಯರೇ.

ಚಿನ್ನದಂಗಡಿಯ ಲೆಕ್ಕವೇ ಇಲ್ಲೂ

ಬಳೆ ಕೊಳ್ಳುವಾಗ ನಾವು ಏನು ಕೇಳುತ್ತೇವೆ? ಚಿನ್ನ ಎಷ್ಟು, ಮಜೂರಿ ಎಷ್ಟು, ವೇಸ್ಟೇಜು ಎಷ್ಟು. ನಾಳೆ ಮಾರಿದರೆ ಚಿನ್ನದ ದುಡ್ಡು ಬರುತ್ತದೆ, ಮಜೂರಿ ಬರುವುದಿಲ್ಲ. ಕಾರಿನಲ್ಲೂ ಹಾಗೆಯೇ. ಮೇಲಿನ ಸಾಲು ಎಕ್ಸ್ ಶೋರೂಮ್ ಬೆಲೆ, ಅದು ಚಿನ್ನ. ಕೆಳಗಿನವೆಲ್ಲ ಮಜೂರಿ, ವೇಸ್ಟೇಜು. ಒಂದೇ ವ್ಯತ್ಯಾಸವೆಂದರೆ ಇಲ್ಲಿ 'ಚಿನ್ನ'ವೂ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ.

ಎಂಟು ಲಕ್ಷದ ಸಣ್ಣ ಪೆಟ್ರೋಲ್ ಕಾರಿನ ಬೆಲೆಯೊಳಗೇ ಸುಮಾರು 1,22,000 ರೂಪಾಯಿ ಜಿಎಸ್‌ಟಿ ಅಡಗಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ನೂರಕ್ಕೆ 18 ಆಯಿತು. ಅದಕ್ಕೂ ಮೊದಲು ಸೆಸ್ ಸೇರಿ 29 ಇತ್ತು. ಹಳೆಯ ದರದಲ್ಲಿ ಇದೇ ಕಾರು ಎಂಟು ಲಕ್ಷದ ಎಪ್ಪತ್ನಾಲ್ಕು ಸಾವಿರ ದಾಟುತ್ತಿತ್ತು. ಇಷ್ಟರಮಟ್ಟಿಗೆ ನಮ್ಮವರ ಸಂತೋಷ ನ್ಯಾಯವೇ.

ಇದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ. ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ನೂರಕ್ಕೆ 14, ಹತ್ತು ದಾಟಿದರೆ 17, ಇಪ್ಪತ್ತು ದಾಟಿದರೆ 18. ಆ ತೆರಿಗೆಯ ಮೇಲೆ ಮತ್ತೆ ನೂರಕ್ಕೆ 11 ಸೆಸ್. ನಮ್ಮ ಚೀಟಿಯಲ್ಲಿ ಇದು 1,24,320. ಅಂದರೆ ಜಿಎಸ್‌ಟಿ ಮತ್ತು ಇದು ಸೇರಿ ಎರಡೂಕಾಲು ಲಕ್ಷಕ್ಕೂ ಮೀರಿ ಸರ್ಕಾರಕ್ಕೆ. ಇದರಲ್ಲಿ ಚೌಕಾಸಿ ಇಲ್ಲ. ನೋಂದಣಿ, ಫಾಸ್ಟ್ಯಾಗ್ ಮೊದಲಾದ ಸಣ್ಣಪುಟ್ಟದ್ದು 3,180.

ಉಳಿದವು ನಾಲ್ಕು ಸಾಲು: ವಿಮೆ 46,500, ಹೆಚ್ಚುವರಿ ವಾರಂಟಿ 16,000, ಆಕ್ಸೆಸರಿ 24,000, ಹ್ಯಾಂಡ್ಲಿಂಗ್ ಚಾರ್ಜು 7,500. ಒಟ್ಟು 94,000. ನನ್ನ ಸರ ನಿಂತಿದ್ದು ಈ ನಾಲ್ಕು ಸಾಲುಗಳ ಮೇಲೆಯೇ!

ಡೀಲರಿಗೆ ಉಳಿಯುವುದೆಷ್ಟು?

ಎಂಟು ಲಕ್ಷದ ಕಾರು ಮಾರಿದರೆ ಡೀಲರಿಗೆ ಲಕ್ಷವಾದರೂ ಸಿಗಬಹುದು ಎಂದು ನಾನು ಎಣಿಸಿದ್ದೆ. ಹಾಗಲ್ಲವಂತೆ. ಹೊಸ ಕಾರಿನ ಮೇಲೆ ನಮ್ಮ ದೇಶದ ಡೀಲರಿಗೆ ಕಂಪನಿ ಬಿಡುವುದು ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು ರೂಪಾಯಿಯ ಆಸುಪಾಸು. ಅದರಲ್ಲೇ ಗಾಜಿನ ಅರಮನೆಯಂಥ ಶೋರೂಮಿನ ಬಾಡಿಗೆ, ಹುಡುಗರ ಸಂಬಳ, ಸಾಲ ಮಾಡಿ ತರಿಸಿ ನಿಲ್ಲಿಸಿಕೊಂಡ ಕಾರುಗಳ ಮೇಲಿನ ಬಡ್ಡಿ. ಮಾರಾಟವಾಗದೆ ನಿಂತ ಕಾರು ದಿನಾ ಬಡ್ಡಿ ತಿನ್ನುತ್ತದೆ. ಆದ್ದರಿಂದಲೇ ತಿಂಗಳ ಕೊನೆಯಲ್ಲಿ, ಡಿಸೆಂಬರ್ ಕೊನೆಯಲ್ಲಿ ರಿಯಾಯಿತಿಗೆ ಬಾಯಿ ಬಿಡುತ್ತಾರೆ.

ಹಾಗಾದರೆ ಅವರ ಬದುಕು ನಡೆಯುವುದು ಹೇಗೆ? ವಿಮೆಯ ಕಮಿಷನ್, ಸಾಲ ಮಾಡಿಸಿಕೊಟ್ಟಿದ್ದಕ್ಕೆ ಬ್ಯಾಂಕು ಕೊಡುವುದು, ಆಕ್ಸೆಸರಿ, ಹಳೆಯ ಕಾರಿನ ವಿನಿಮಯ, ಮುಂದೆ ಸರ್ವೀಸು. ಅವರನ್ನು ಕಳ್ಳರೆನ್ನಬೇಕಾಗಿಲ್ಲ, ವ್ಯಾಪಾರ ಇರುವುದೇ ಹಾಗೆ. ಆದರೆ ನಮಗೆ ಗೊತ್ತಿರಬೇಕಾದ ಗುಟ್ಟು ಇದು: ಮೇಲಿನ ಸಾಲಿನಲ್ಲಿ ಎಳೆದಾಡಿದರೆ ಸಿಗುವುದು ಸ್ವಲ್ಪ, ಕೆಳಗಿನ ಸಾಲುಗಳಲ್ಲಿ ಸಿಗುವುದು ಬಹಳ. ನಮ್ಮವರು ಮೇಲಿನದಕ್ಕೆ ಅರ್ಧ ದಿನ ಚೌಕಾಸಿ ಮಾಡಿ, ಕೆಳಗಿನದಕ್ಕೆ ಕಣ್ಣುಮುಚ್ಚಿ ತಲೆಯಾಡಿಸಿ ಬಂದಿದ್ದರು.

ಮುಂದಿನ ವಾರ ನಾನೂ ಜೊತೆಗೆ ಹೋದೆ. "ಹ್ಯಾಂಡ್ಲಿಂಗ್ ಚಾರ್ಜು ಅಂದರೆ ಏನಪ್ಪಾ?" ಎಂದು ಕೇಳಿದೆ. ಹುಡುಗ "ಅದು ಮೇಡಂ, ಕಾರು ತರಿಸೋ ಖರ್ಚು" ಎಂದ. "ಸರ್ಕಾರದ್ದಾ? ರಸೀದಿ ಕೊಡ್ತೀರಾ?" ಎಂದೆ. ಒಳಗೆ ಹೋಗಿ ಬಂದು ಆ ಸಾಲನ್ನು ಹೊಡೆದುಹಾಕಿದ.

ವಿಮೆಯನ್ನು ಅಲ್ಲೇ ಮಾಡಿಸಬೇಕೆಂಬ ಕಾನೂನು ಇಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಎಲ್ಲ ಕಡೆಯೂ ಒಂದೇ. ಕಾರಿನ ಸ್ವಂತ ಹಾನಿಯ ಭಾಗದಲ್ಲಿ ಮಾತ್ರ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ. ಅಂಥದ್ದೇ ವಿಮೆ ನಮಗೆ ಹೊರಗೆ 33,500ಕ್ಕೆ ಸಿಕ್ಕಿತು. ಆಕ್ಸೆಸರಿಯಲ್ಲಿ ಮ್ಯಾಟು, ಮಡ್ ಫ್ಲಾಪು ಸಾಕೆಂದು 4,500ಕ್ಕೆ ಇಳಿಸಿದೆವು. ಹೆಚ್ಚುವರಿ ವಾರಂಟಿಯನ್ನು ಮೂಲ ವಾರಂಟಿ ಮುಗಿಯುವ ಮುನ್ನ ತೆಗೆದುಕೊಂಡರೂ ನಡೆಯುತ್ತದೆ ಎಂದು ಅವರೇ ಒಪ್ಪಿಕೊಂಡರು. ಒಟ್ಟು ಉಳಿದದ್ದು 56,000.

ಹಳೆಯ ಕಾರಿಗೂ ಒಂದು ಬೆಲೆ

ನಮ್ಮ ಮಾವನವರ ಕಾಲದಲ್ಲಿ ಲೆಕ್ಕವೇ ಉಲ್ಟಾ ಇತ್ತು. ಆಗ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಬಿಟ್ಟರೆ ಹೆಚ್ಚು ಕಾರುಗಳಿರಲಿಲ್ಲ. 1969ರಲ್ಲಿ ಕೇಂದ್ರ ಸರ್ಕಾರವೇ ಬೆಲೆ ಕಟ್ಟಿತು, ತಯಾರಕರು ಸುಪ್ರೀಂ ಕೋರ್ಟಿನವರೆಗೂ ಹೋದರು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದರಿಂದ ಓಡಿಸಿದ ಕಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬರುವುದೂ ಇತ್ತು! 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ನಿಧಾನವಾಗಿ ಕಾಲ ಬದಲಾಯಿತು.

ಈಗ ಕಾರಿನ ಸವೆತ ತಿಳಿಯಲು ವಿಮೆಯವರ ಪಟ್ಟಿ ಒಳ್ಳೆಯ ಅಂದಾಜು. ಅವರು ಆರು ತಿಂಗಳೊಳಗೆ ನೂರಕ್ಕೆ 5 ಕಳೆಯುತ್ತಾರೆ, ಒಂದು ವರ್ಷದೊಳಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಕಳೆಯುವುದು ಎಂಟು ಲಕ್ಷದ ಮೇಲೆ ಎಂಬುದನ್ನು ಮರೆಯಬೇಡಿ. ಹತ್ತು ಲಕ್ಷ ಕೊಟ್ಟು ತಂದ ಕಾರು ಐದನೆಯ ವರ್ಷಕ್ಕೆ ಈ ಪಟ್ಟಿಯಲ್ಲಿ ನಾಲ್ಕು ಲಕ್ಷ. ಎಲ್ಲೆಡೆ ಸರ್ವೀಸು, ಬಿಡಿಭಾಗ ಸಿಗುವ ಕಾರಾದರೆ ಮಾರುಕಟ್ಟೆಯಲ್ಲಿ ಇದಕ್ಕಿಂತ ಹೆಚ್ಚೂ ಸಿಗಬಹುದು.

ನಮ್ಮ ಆಲ್ಟೊಗೆ ಶೋರೂಮಿನವರು 1,10,000 ಎಂದರು. ಅವರೂ ಅದನ್ನು ರಿಪೇರಿ ಮಾಡಿಸಿ ಮಾರಿ, ಸಿಕ್ಕ ಲಾಭದ ಮೇಲೆ ಜಿಎಸ್‌ಟಿ ಕಟ್ಟಬೇಕಲ್ಲ! ಊರಿನ ಮೇಷ್ಟ್ರೊಬ್ಬರು 1,45,000 ಕೊಟ್ಟರು. ಇಬ್ಬರು ಮನೆಯವರ ನಡುವಿನ ಇಂಥ ವ್ಯಾಪಾರಕ್ಕೆ ಜಿಎಸ್‌ಟಿ ಇಲ್ಲ. ಅಲ್ಲಿಗೆ ಮತ್ತೆ 35,000. ಒಟ್ಟು 91,000. ಸರ ಬೀರುವಿನಲ್ಲೇ ಉಳಿಯಿತು.

ಒಂದು ಎಚ್ಚರಿಕೆ. ಕಾರು ಕೊಟ್ಟ ಮೇಲೆ ಫಾರಂ 29, 30 ತುಂಬಿಸಿ, ಹೆಸರು ಬದಲಾಗುವವರೆಗೆ ಬೆನ್ನು ಹತ್ತಿ. ದಾಖಲೆಯಲ್ಲಿ ಹೆಸರಿರುವವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮವರು "ಮೇಷ್ಟ್ರು ನಂಬಿಕಸ್ಥರು" ಎಂದರೂ ನಾನೇ ತರೀಕೆರೆ ಆರ್‌ಟಿಓ ಕಚೇರಿಗೆ ಓಡಾಡಿಸಿದೆ.

ಸ್ಪೋರ್ಟ್ಸ್ ಕಾರಿನ ಮೋಹ

ಇಷ್ಟಾಗುವಷ್ಟರಲ್ಲಿ ಬೆಂಗಳೂರಿನಿಂದ ನಾದಿನಿಯ ಮಗನ ಫೋನು. "ಅತ್ತೆ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ನೋಡಿದೀನಿ. ಎಂಟು ವರ್ಷ ಹಳೇದು. ಹೊಸದರಲ್ಲಿ ಎಂಬತ್ತು ಲಕ್ಷ, ಈಗ ಇಪ್ಪತ್ತೆಂಟಕ್ಕೆ ಕೊಡ್ತಾರೆ!"

"ಎಂಬತ್ತರದ್ದು ಇಪ್ಪತ್ತೆಂಟಕ್ಕೆ ಬಂದಿದೆ ಅಂದರೆ, ನಿನ್ನ ಕೈಯಿಂದ ಹೋಗುವಾಗ ಎಷ್ಟಪ್ಪಾ?" ಎಂದೆ. ಆ ಕಡೆ ಮಾತಿಲ್ಲ.

ಇಂಥ ಕಾರಿನ ಬೆಲೆಯಲ್ಲಿ ಬಹುಭಾಗ ಆಮದು ಸುಂಕ, ತೆರಿಗೆ. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಹೊರರಾಜ್ಯದ ನೋಂದಣಿಯ ಒಂದು ಫೆರಾರಿ ಕಾರಿಗೆ ಸಾರಿಗೆ ಇಲಾಖೆಯವರು 1.41 ಕೋಟಿ ರೂಪಾಯಿ ತೆರಿಗೆ ವಸೂಲಿ ಮಾಡಿದರು. ಆ ದುಡ್ಡು ಮಾರುವಾಗ ಬರುತ್ತದೆಯೇ? ಕೊಳ್ಳುವವರು ವಿರಳ, ಟೈರು, ಬಿಡಿಭಾಗ, ವಿಮೆ ಎಲ್ಲ ದುಬಾರಿ. ಬೆಲೆ ಕುಸಿದರೂ ರಿಪೇರಿಯ ಖರ್ಚು ಹೊಸ ಕಾರಿನದ್ದೇ. ಅದರಲ್ಲೂ ನೆಲಕ್ಕಂಟಿದ ಆ ಕಾರು ನಮ್ಮೂರ ರಸ್ತೆ ಉಬ್ಬು ದಾಟೀತೇ?

ಬೆಲೆ ಏರುವ ಸ್ಪೋರ್ಟ್ಸ್ ಕಾರುಗಳೂ ಇವೆ. 1962ರ ಒಂದು ಫೆರಾರಿ 250 ಜಿಟಿಓ 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಆದರೆ ಆ ಮಾದರಿಯಲ್ಲಿ ತಯಾರಾದದ್ದೇ ನಲವತ್ತಕ್ಕಿಂತ ಕಡಿಮೆ. ಹುಡುಗ ಈಗ "ಯೋಚಿಸ್ತೀನಿ ಅತ್ತೆ" ಎಂದಿದ್ದಾನೆ.

ಶೋರೂಮಿಗೆ ಹೊರಡುವ ಮುನ್ನ

* ಆನ್ ರೋಡ್ ಬೆಲೆಯನ್ನು ಸಾಲು ಸಾಲಾಗಿ ಬರೆಸಿಕೊಳ್ಳಿ. ಪ್ರತಿ ಸಾಲಿಗೂ "ಇದು ಸರ್ಕಾರದ್ದೋ, ನಿಮ್ಮದೋ?" ಎಂದು ಕೇಳಿ.
* ಕನಿಷ್ಠ ಎರಡು ಶೋರೂಮಿನ, ಎರಡು ವಿಮೆಯ ಚೀಟಿ ಹೋಲಿಸಿ. ಸಾಲದ ಬಡ್ಡಿಯನ್ನು ನಿಮ್ಮ ಬ್ಯಾಂಕಿನಲ್ಲೂ ವಿಚಾರಿಸಿ.
* ಕಾರು ತಯಾರಾದ ತಿಂಗಳು, ವರ್ಷ ನೋಡಿ. ಮುಂದೆ ಮಾರುವಾಗ ಅದೂ ಲೆಕ್ಕಕ್ಕೆ ಬರುತ್ತದೆ.
* ಹಳೆಯ ಕಾರಿನ ವಿಮೆಯಲ್ಲಿ ಕ್ಲೇಮು ಮಾಡದೆ ಗಳಿಸಿದ ಬೋನಸ್ಸು ನಿಮ್ಮದು, ಕಾರಿನದ್ದಲ್ಲ. ಪತ್ರ ಪಡೆದು ಹೊಸ ವಿಮೆಗೆ ಹಾಕಿಸಿ.
* ಹತ್ತು ಲಕ್ಷ ಮೀರಿದ ಕಾರಿಗೆ ನೂರಕ್ಕೆ ಒಂದರಂತೆ ಹಿಡಿಯುವ ಆದಾಯ ತೆರಿಗೆಯನ್ನು ರಿಟರ್ನಿನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು.

ದೀಪಾವಳಿಯ ದಿನ ಕಾರಿಗೆ ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಆರತಿ ಎತ್ತಲು ಬಂದ ನನ್ನ ಕೊರಳು ನೋಡಿ ಅತ್ತೆಯವರು, "ಸರ ಹಾಕ್ಕೊಂಡಿದ್ದೀಯಲ್ಲ, ಒಳ್ಳೇದಾಯ್ತು" ಎಂದರು. ನಮ್ಮವರು ಕೇಳಿಸದವರಂತೆ ಕಾರಿನ ಗಾಜು ಒರೆಸುತ್ತಿದ್ದರು.