ಬೆಂದ ಬೆಟ್ಟ, ಹಸಿರು ಬಳ್ಳಿ

ಮದುವೆಯ ಮನೆಗೆ ಹೋಗುವ ರೀತಿ ಒಂದು, ಸಾವಾದ ಮನೆಗೆ ಹೋಗುವ ರೀತಿ ಇನ್ನೊಂದು. ಎರಡನ್ನೂ ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದರೆ ಶೋಕವೂ ಸಂಭ್ರಮವೂ ಒಂದೇ ಅಂಗಳದಲ್ಲಿ ನೆರೆದಿರುವ ಮನೆಗೆ ಹೋಗುವುದು ಹೇಗೆ? ಕ್ಯಾಲಿಫೋರ್ನಿಯದ ನಾಪಾ ಮತ್ತು ಸೊನೋಮಾ ಎಂಬ ದ್ರಾಕ್ಷಿಯ ಸೀಮೆಗಳಿಗೆ ಪ್ರವಾಸ ಹೊರಡುವವರು ಇಂದು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಸ್ಯಾನ್ ಹೋಸೆಯ ಸುತ್ತ ನೆಲೆಸಿರುವ ಕನ್ನಡಿಗರಿಗೆ ಆ ಸೀಮೆ ಸುಮಾರು ೮೦ ಮೈಲಿಯ ದಾರಿ. ಊರಿನಿಂದ ಬಂದ ತಂದೆತಾಯಿಗಳಿಗೆ ತೋರಿಸಬೇಕಾದ ಸ್ಥಳಗಳಲ್ಲಿ ಅದೂ ಒಂದೆಂದು ಅವರಲ್ಲಿ ಅನೇಕರು ಎಣಿಸುವುದುಂಟು. ಆದುದರಿಂದ ಈ ಪ್ರಶ್ನೆ ನಮಗೆ ತೀರ ದೂರದ್ದೇನೂ ಅಲ್ಲ.

೨೦೧೭ರ ಅಕ್ಟೋಬರ್ ೮ರ ರಾತ್ರಿ ನಾಪಾ ಕಣಿವೆಯ ತಲೆಯಲ್ಲಿರುವ ಕ್ಯಾಲಿಸ್ಟೋಗ ಊರಿನ ಬಳಿ ಬೆಂಕಿ ಹುಟ್ಟಿತು. ಈಶಾನ್ಯದಿಂದ ಬೀಸುವ ಒಣ ಬಿರುಗಾಳಿ ಅದನ್ನು ಬೆಟ್ಟದಿಂದ ಬೆಟ್ಟಕ್ಕೆ ಹಾರಿಸಿ, ಕೆಲವೇ ಗಂಟೆಗಳಲ್ಲಿ ಸಾಂತಾ ರೋಸಾ ನಗರಕ್ಕೆ ತಂದು ಹಾಕಿತು. ಹೆದ್ದಾರಿಯನ್ನೂ ದಾಟಿದ ಕಿಡಿಗಳು ಕಾಫಿ ಪಾರ್ಕ್ ಎಂಬ ಬಡಾವಣೆಯನ್ನು ಬೂದಿಮಾಡಿದವು. ‘ಟಬ್ಸ್’ ಎಂದು ಹೆಸರಾದ ಆ ಒಂದು ಬೆಂಕಿಯಲ್ಲಿಯೇ ೨೨ ಮಂದಿ ತೀರಿಕೊಂಡರು. ೫,೬೦೦ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ೨೦೧೯ರ ಅಕ್ಟೋಬರಿನಲ್ಲಿ ಕಿಂಕೇಡ್ ಬೆಂಕಿ ಸೊನೋಮಾದಲ್ಲಿ ೭೭,೦೦೦ ಎಕರೆಗೂ ಮಿಕ್ಕಿ ಸುಟ್ಟಿತು. ೨೦೨೦ರ ಆಗಸ್ಟಿನಲ್ಲಿ ಸಿಡಿಲಿನ ಕಿಚ್ಚು, ಮರುತಿಂಗಳು ಗ್ಲಾಸ್ ಬೆಂಕಿ. ಆ ವರ್ಷದ ಸೆಪ್ಟೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲೂ ಆಕಾಶ ಹಗಲಿಡೀ ಕಿತ್ತಳೆಯ ಬಣ್ಣಕ್ಕೆ ತಿರುಗಿದ್ದನ್ನು ಅಲ್ಲಿನ ನಮ್ಮವರೂ ಕಂಡಿದ್ದಾರೆ. ೨೦೨೫ರ ಆಗಸ್ಟಿನಲ್ಲಿ ಕ್ಯಾಲಿಸ್ಟೋಗದ ಬಳಿ ಮತ್ತೊಮ್ಮೆ ಬೆಂಕಿ ಬಿದ್ದಿತು. ಚೇತರಿಕೆಯೆಂಬುದು ಅಲ್ಲಿ ಮುಗಿದ ಕಥೆಯಲ್ಲ; ನಡೆಯುತ್ತಿರುವ ಕೆಲಸ.

ಇಷ್ಟಾದರೂ ದ್ರಾಕ್ಷಿತೋಟಗಳು ಬಹುಮಟ್ಟಿಗೆ ಉಳಿದುಕೊಂಡವೆಂಬುದು ಸೋಜಿಗದ ಸಂಗತಿ. ಹಸಿರು ಬಳ್ಳಿಯಲ್ಲಿ ನೀರಿನ ಅಂಶ ಹೆಚ್ಚು. ಸಾಲುಗಳ ನಡುವೆ ಉರಿಯುವ ಒಣ ಕಸ ಕಡಮೆ. ಕಾಡನ್ನು ನುಂಗಿಬಂದ ಬೆಂಕಿ ತೋಟದ ಅಂಚಿಗೆ ಬಂದು ಎಷ್ಟೋ ಕಡೆ ನಿಂತುಬಿಟ್ಟಿತು. ಆದರೆ ಬೆಂಕಿಯಿಂದ ಉಳಿದ ಹಣ್ಣು ಹೊಗೆಯಿಂದ ಉಳಿಯಲಿಲ್ಲ. ಸೌದೆಯ ಹೊಗೆಯಲ್ಲಿರುವ ಗ್ವಾಯಕಾಲ್ ಮೊದಲಾದ ದ್ರವ್ಯಗಳು ಹಣ್ಣಿನ ಸಿಪ್ಪೆಯನ್ನು ಹೊಕ್ಕು, ಅಲ್ಲಿನ ಸಕ್ಕರೆಯೊಡನೆ ಕೂಡಿಕೊಂಡು ಮರೆಯಾಗಿರುತ್ತವೆ. ಹಣ್ಣನ್ನು ತಿಂದು ನೋಡಿದವನಿಗೆ ಏನೂ ತೋರದಿರಬಹುದು. ರಸ ಹುಳಿಯುವಾಗ, ಕೆಲವೊಮ್ಮೆ ಕುಡಿದವನ ಬಾಯಲ್ಲಿಯೇ, ಆ ಕಟ್ಟು ಬಿಚ್ಚಿ ನೀರು ಹುಯ್ದ ಬೂದಿಯ ರುಚಿ ಹೊರಬರುತ್ತದೆ. ಬಿಳಿಯ ವೈನಿಗೆ ಸಿಪ್ಪೆಯನ್ನು ಬೇಗ ಬೇರ್ಪಡಿಸುವುದರಿಂದ ದೋಷ ಕಡಮೆ. ಕೆಂಪು ವೈನು ಸಿಪ್ಪೆಯೊಡನೆಯೇ ಹುದುಗಬೇಕಾದುದರಿಂದ ದೋಷ ಹೆಚ್ಚು. ೨೦೧೭ರಲ್ಲಿ ಬೆಳೆಯ ಬಹುಭಾಗ ಬೆಂಕಿಗೆ ಮುನ್ನವೇ ಕೊಯ್ಲಾಗಿತ್ತು. ೨೦೨೦ರಲ್ಲಿ ಹಾಗಾಗಲಿಲ್ಲ. ನಾಪಾದ ಅನೇಕ ಮನೆತನಗಳು ಆ ವರ್ಷ ಕೆಂಪು ವೈನನ್ನೇ ಮಾಡದೆ ಬಿಟ್ಟವು.

ಇಂತಹ ಕಡೆಗೆ ವಿಹಾರಕ್ಕೆ ಹೋಗುವುದು ತರವೆ ಎಂದು ಸಹೃದಯರು ಹಿಂದೆಗೆಯುವುದು ಸಹಜ. ಆದರೆ ಆ ಸೀಮೆ ಬದುಕುವುದೇ ಅತಿಥಿಗಳಿಂದ. ಅತಿಥಿ ಬಾರದಿದ್ದರೆ ಮೊದಲು ಕೂಲಿ ತಪ್ಪುವುದು ತೋಟದ ಒಡೆಯನಿಗಲ್ಲ. ಹಣ್ಣು ಕೊಯ್ಯುವವನಿಗೆ, ಪಾತ್ರೆ ತೊಳೆಯುವವಳಿಗೆ, ಹಾಸಿಗೆ ಹಾಸುವವಳಿಗೆ. ಇವರಲ್ಲಿ ಬಹುಮಂದಿ ಮೆಕ್ಸಿಕೋದಿಂದ ಬಂದವರು. ಕಾಗದಪತ್ರಗಳಿಲ್ಲದೆ ನೆಲೆಸಿರುವವರಿಗೆ ಬೆಂಕಿಯಲ್ಲಿ ಮನೆ ಹೋದರೂ ಕೇಂದ್ರ ಸರ್ಕಾರದ ಧನಸಹಾಯ ಸಲ್ಲದು. ಅವರಿಗಾಗಿಯೇ ೨೦೧೭ರಲ್ಲಿ ಸೊನೋಮಾದ ಸೇವಾಸಂಸ್ಥೆಗಳು ಪ್ರತ್ಯೇಕ ನಿಧಿಯೊಂದನ್ನು ಕೂಡಿಸಬೇಕಾಯಿತು. ಹೊಗೆ ಒಂದು ಮಿತಿಯನ್ನು ಮೀರಿದಾಗ ಬಯಲಿನಲ್ಲಿ ದುಡಿಯುವವರಿಗೆ ಮುಖವಾಡ ಒದಗಿಸಬೇಕೆಂಬ ನಿಯಮ ಆ ರಾಜ್ಯದಲ್ಲಿ ಜಾರಿಗೆ ಬಂದುದು ೨೦೧೯ರಲ್ಲಿ. ಹೋಗುವುದು ತರವೇ ಸರಿ. ಆದರೆ ಹೋಗುವ ಬಗೆಯನ್ನು ಅರಿತು ಹೋಗಬೇಕು.

ಅಡಿಗೆಯ ಒಲೆ, ಮಲಗುವ ಮಂಚ, ಸ್ನಾನದ ಮೂಲೆ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಮೋಟಾರನ್ನು ಅಮೆರಿಕದವರು ‘ಆರ್‌ವಿ’ ಎನ್ನುತ್ತಾರೆ. ಬಾಡಿಗೆಗೂ ದೊರೆಯುತ್ತದೆ. ನಮ್ಮ ಹಿಂದಿನವರು ಜಾತ್ರೆಗೆ ಕಮಾನು ಕಟ್ಟಿದ ಗಾಡಿಯಲ್ಲಿ ಬುತ್ತಿ, ಹಾಸಿಗೆಗಳೊಡನೆ ಹೊರಡುತ್ತಿದ್ದುದರ ದೊಡ್ಡ ರೂಪವೆಂದು ತಿಳಿದರೆ ಸಾಕು. ಇದರಲ್ಲಿ ಹೋಗುವವರು ಮೊದಲು ಗೊತ್ತುಮಾಡಬೇಕಾದುದು ಕಾಲವನ್ನು. ಸುಗ್ಗಿಯ ಸೊಗಸು ನೋಡಬೇಕೆಂದು ಎಲ್ಲರೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳನ್ನೇ ಆರಿಸುತ್ತಾರೆ. ಒಣಗಾಳಿಯ ಕಾಲವೂ ಅದೇ. ಚಳಿಗಾಲದ ಮಳೆ ಕಳೆದ ಮೇಲೆ, ಫೆಬ್ರವರಿ ಮಾರ್ಚಿಗೆ ಹೋದರೆ ಎಲೆಯಿಲ್ಲದ ಬಳ್ಳಿಗಳ ಸಾಲಿನ ನಡುವೆ ಸಾಸಿವೆ ಹೂ ಬಿಟ್ಟು ಕಣಿವೆಯೆಲ್ಲ ಹಳದಿಯಾಗಿರುತ್ತದೆ. ಏಪ್ರಿಲಿನಲ್ಲಿ ಬಳ್ಳಿ ಚಿಗುರುತ್ತದೆ. ಜನಸಂದಣಿ ಇಲ್ಲದ ಆ ದಿನಗಳಲ್ಲಿ ಬಂದ ಅತಿಥಿಗೆ ಬೆಲೆ ಹೆಚ್ಚು. ಮಾತನಾಡಿಸಲು ಮನೆಯವರಿಗೆ ಬಿಡುವೂ ಹೆಚ್ಚು.

ಎರಡನೆಯದು ದಾರಿ. ಈ ವಾಹನ ಮೈಯಲ್ಲಿ ದೊಡ್ಡದು, ತಿರುವಿನಲ್ಲಿ ಮಂದ. ನಾಪಾದಿಂದ ಸೊನೋಮಾಕ್ಕೆ ಓಕ್‌ವಿಲ್ ಗ್ರೇಡಿನಂತಹ ಕಡಿದಾದ ಬೆಟ್ಟದ ಹಾದಿಗಳಿವೆ. ಅವನ್ನು ಬಿಟ್ಟು ತೆಂಕಣದ ಕಾರ್ನೆರೋಸ್ ತಗ್ಗಿನಲ್ಲಿ ಸಾಗುವ ಹೆದ್ದಾರಿಯನ್ನು ಹಿಡಿಯುವುದು ಲೇಸು. ತಂಗಲು ಕ್ಯಾಲಿಸ್ಟೋಗದ ಸಮೀಪ ಬಾಥೇ-ನಾಪಾ ವ್ಯಾಲಿ ಎಂಬ ರಾಜ್ಯೋದ್ಯಾನ ಉಂಟು. ಅಲ್ಲಿ ರೆಡ್‌ವುಡ್ ಮರಗಳ ನೆರಳಿದೆ. ಜಾಗವನ್ನು ಮುಂಚಿತವಾಗಿ ಕಾದಿರಿಸಬೇಕು. ವಾಹನದ ಉದ್ದಕ್ಕೆ ಮಿತಿಯಿರುವುದರಿಂದ ಅದನ್ನೂ ವಿಚಾರಿಸಿಕೊಳ್ಳಬೇಕು. ವೈನಿನ ರುಚಿ ನೋಡುವವರು ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಸೇಂಟ್ ಹೆಲೆನಾದ ಕಡೆಗೆ ಸೈಕಲ್ಲಿನ ಹಾದಿಯಲ್ಲಿಯೋ ಬಾಡಿಗೆ ಕಾರಿನಲ್ಲಿಯೋ ಹೋಗಬಹುದು. ನಡೆಸುವವನು ಕುಡಿಯಬಾರದೆಂಬುದಕ್ಕೆ ವಾದವಿಲ್ಲ.

ಮೂರನೆಯದು ಎಚ್ಚರ. ಗಾಳಿ ಬಿರುಸಾಗಿ ತೇವ ಇಳಿದ ದಿನ ಹವಾಮಾನ ಇಲಾಖೆ ‘ಕೆಂಪು ಬಾವುಟ’ದ ಎಚ್ಚರಿಕೆ ಕೊಡುತ್ತದೆ. ಅಂದು ಬಯಲಿನಲ್ಲಿ ಬೆಂಕಿ ಹೊತ್ತಿಸಬಾರದು, ವಿದ್ಯುತ್ತನ್ನೂ ಕಡಿದುಬಿಡುವುದುಂಟು. ಪೆಟ್ರೋಲ್ ಅರ್ಧಕ್ಕಿಂತ ಇಳಿಯಗೊಡದೆ, ವಾಹನದ ಮುಖವನ್ನು ಹೊರದಾರಿಗೆ ತಿರುಗಿಸಿ ನಿಲ್ಲಿಸಬೇಕು. ಊರು ಬಿಡಿರೆಂಬ ಆಜ್ಞೆ ಬರುವ ತನಕ ಕಾಯದೆ ಹೊರಟುಬಿಡಬೇಕು. ಕಿರುದಾರಿಯಲ್ಲಿ ಪ್ರವಾಸಿಯ ದೊಡ್ಡ ಗಾಡಿ ಅಡ್ಡನಿಂತರೆ ಸಿಕ್ಕಿಬೀಳುವವರು ಊರವರು.

ಇನ್ನು ನೋಡತಕ್ಕವು. ಸಾಹಿತ್ಯಪ್ರಿಯರಿಗೆ ಅಲ್ಲಿ ಎರಡು ಯಾತ್ರಾಸ್ಥಳಗಳಿವೆ. ೧೮೮೦ರಲ್ಲಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಹೊಸ ಮಡದಿಯೊಡನೆ ಸೇಂಟ್ ಹೆಲೆನಾ ಬೆಟ್ಟದ ಮೇಲೆ, ಪಾಳುಬಿದ್ದ ಬೆಳ್ಳಿಯ ಗಣಿಯೊಂದರ ಕೂಲಿಗಳ ಹಳೆಯ ಬಿಡಾರದಲ್ಲಿ ಬೇಸಗೆಯನ್ನು ಕಳೆದನು. ಆ ದಿನಗಳ ಕಥನವೇ ೧೮೮೩ರ ‘ದಿ ಸಿಲ್ವೆರಾಡೋ ಸ್ಕ್ವಾಟರ್ಸ್’. ಬಿಡಾರವಿದ್ದೆಡೆಯಲ್ಲಿ ಈಗ ತೆರೆದ ಪುಸ್ತಕದ ಆಕಾರದ ಶಿಲೆಯೊಂದಿದೆ. ಅಲ್ಲಿಗೆ ನಡೆದೇ ಹೋಗಬೇಕು. ಸೊನೋಮಾದ ಗ್ಲೆನ್ ಎಲೆನ್ ಹಳ್ಳಿಯ ಮಗ್ಗುಲಲ್ಲಿ ಜ್ಯಾಕ್ ಲಂಡನನ ತೋಟವಿದೆ. ಅವನು ಕಲ್ಲಿನಲ್ಲಿ ಕಟ್ಟಿಸಿದ ‘ವುಲ್ಫ್ ಹೌಸ್’ ಎಂಬ ಭವನ, ಒಕ್ಕಲಾಗುವ ಮುನ್ನವೇ, ೧೯೧೩ರ ಆಗಸ್ಟಿನಲ್ಲಿ ಒಂದು ರಾತ್ರಿ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಿಸದೆಯೇ ೧೯೧೬ರಲ್ಲಿ ಅವನು ತೀರಿಕೊಂಡನು. ಗೋಡೆಗಳು ಇಂದಿಗೂ ನಿಂತಿವೆ. ೨೦೧೭ರ ಬೆಂಕಿ ಈ ಹಳ್ಳಿಯ ಮನೆಗಳನ್ನೂ ಸುಟ್ಟಿತು.

ಅಲ್ಲಿಂದ ದೂರವಿಲ್ಲದ ಶುಗರ್‌ಲೋಫ್ ರಿಜ್ ಉದ್ಯಾನ ೨೦೧೭ರಲ್ಲಿ ಒಮ್ಮೆ, ೨೦೨೦ರಲ್ಲಿ ಮತ್ತೊಮ್ಮೆ ಉರಿಯಿತು. ಅದರೊಳಗಿನ ನಕ್ಷತ್ರವೀಕ್ಷಣಾಲಯ ಎರಡು ಸಲವೂ ಉಳಿಯಿತು. ಬೆಂದ ಓಕ್ ಮರಗಳಲ್ಲಿ ಅನೇಕವು ಕಾಂಡದಿಂದಲೇ ಚಿಗುರುವಂಥವು. ಕಾವು ತಗುಲಿದ ಮೇಲೆಯೇ ಬಾಯಿ ತೆರೆಯುವ ಕಾಯಿಯ ಪೈನ್ ಮರಗಳೂ ಆ ಬೆಟ್ಟಗಳಲ್ಲಿ ಉಂಟು. ಬೂದಿಯಿಂದ ಏಳುವ ವಿದ್ಯೆ ಕಾಡಿಗೆ ಹಳೆಯದು. ಮನುಷ್ಯನಿಗೆ ಅದು ಅಷ್ಟು ಸುಲಭವಲ್ಲ: ಹೊಸದಾಗಿ ನೆಟ್ಟ ಬಳ್ಳಿ ಹಣ್ಣು ಕೊಡಲು ಮೂರು ವರ್ಷ ಬೇಕು, ಮನೆ ಕಟ್ಟಲು ಸಾಲ ಬೇಕು, ವಿಮೆಯ ಹಣ ಬೇಕು, ಎಲ್ಲಕ್ಕೂ ಮಿಗಿಲಾಗಿ ಅಲ್ಲಿಯೇ ನಿಲ್ಲುವ ಮನಸ್ಸು ಬೇಕು.

ವೈನಿನ ಮನೆಗಳಲ್ಲಿ ಸೀಸೆಗಳನ್ನು ವರ್ಷದ ಪ್ರಕಾರ ಜೋಡಿಸಿಡುವ ವಾಡಿಕೆಯಿದೆ. ಕೆಲವು ಮನೆಗಳಲ್ಲಿ ೨೦೧೯ರ ಪಕ್ಕದಲ್ಲಿಯೇ ೨೦೨೧ ನಿಂತಿರುತ್ತದೆ. ನಡುವಿನ ವರ್ಷವೆಲ್ಲಿ ಎಂದು ಮೆಲ್ಲನೆ ಕೇಳಿದರೆ, ಹುಯ್ದುಕೊಡುವವರು ಒಂದು ಕ್ಷಣ ಕೈ ತಡೆದು ಉತ್ತರ ಹೇಳಿಯಾರು. ಆ ಉತ್ತರವನ್ನು ಅವಸರಪಡದೆ ಕೇಳುವಷ್ಟು ಹೊತ್ತನ್ನು ಪ್ರವಾಸದ ಪಟ್ಟಿಯಲ್ಲಿ ಮೊದಲೇ ತೆಗೆದಿರಿಸಿಕೊಂಡು ಹೊರಡುವುದು ಒಳ್ಳೆಯದು.