ಲೀಗ್‌ಗೆ ಬೇಡವಾದ ಹೆಸರು ಕಪ್ ಗೆದ್ದಾಗ

1966ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ 9 ಗೋಲು ಬಾರಿಸಿ ಜಗತ್ತನ್ನು ಬೆರಗುಗೊಳಿಸಿದ್ದ ಪೋರ್ಚುಗಲ್‌ನ ಯುಸೇಬಿಯೊ, ಹತ್ತು ವರ್ಷಗಳ ಬಳಿಕ ಕೆನಡಾದ ಕ್ಲಬ್ಬೊಂದಕ್ಕೆ ಆಡುತ್ತಿದ್ದರು. ಅವರಿಗಾಗ 34 ವರ್ಷ. ಮೊಣಕಾಲು ಹಲವು ಶಸ್ತ್ರಚಿಕಿತ್ಸೆಗಳನ್ನು ಕಂಡಿತ್ತು. ಕ್ಲಬ್ಬಿನ ಹೆಸರು ಟೊರಾಂಟೊ ಮೆಟ್ರೋಸ್–ಕ್ರೊವೇಷಿಯಾ.

ಈ ಜೋಡಿ ಹೆಸರಿನಲ್ಲೇ ಅದರ ಕಥೆಯಿದೆ. ಉತ್ತರ ಅಮೆರಿಕದ ವೃತ್ತಿಪರ ಲೀಗ್‌ಗೆ 1971ರಲ್ಲಿ ಬಂದ ಟೊರಾಂಟೊ ಮೆಟ್ರೋಸ್‌ಗೆ ಹಣವೂ ಇರಲಿಲ್ಲ, ಪ್ರೇಕ್ಷಕರೂ ಇರಲಿಲ್ಲ. ಅದೇ ಊರಿನಲ್ಲಿ ಕ್ರೊವೇಷಿಯಾದಿಂದ ವಲಸೆ ಬಂದವರು 1956ರಲ್ಲಿ ಕಟ್ಟಿಕೊಂಡಿದ್ದ ಟೊರಾಂಟೊ ಕ್ರೊವೇಷಿಯಾ ಎಂಬ ಕ್ಲಬ್ಬಿತ್ತು. 1975ರಲ್ಲಿ ಎರಡೂ ಒಂದಾದವು. ಕ್ರೊವೇಷಿಯಾ ಆಗಿನ್ನೂ ಯುಗೊಸ್ಲಾವಿಯದ ಒಂದು ಭಾಗ. ಸ್ವತಂತ್ರ ದೇಶವಾಗಿ ಭೂಪಟದಲ್ಲಿ ಇಲ್ಲದ ತವರಿನ ಹೆಸರನ್ನು ಆ ಜನ ಅಂಗಿಯ ಮೇಲೆ ಧರಿಸಿ ಆಡಿದರು.

ಲೀಗ್‌ಗೆ ಅದು ಹಿಡಿಸಲಿಲ್ಲ. ಪೆಲೆಯನ್ನು ನ್ಯೂಯಾರ್ಕ್‌ಗೆ ಕರೆತಂದು ಆಟವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಲು ಹೊರಟಿದ್ದ ಲೀಗ್‌ಗೆ ವಲಸಿಗರ ಗುರುತಿನ ಹೆಸರುಗಳೆಂದರೆ ಮುಜುಗರ. ಆದರೆ 1976ರಲ್ಲಿ ಈ ತಂಡವನ್ನು ತಡೆಯುವವರೇ ಇರಲಿಲ್ಲ. ಹಿಂದಿನ ವರ್ಷದ ಚಾಂಪಿಯನ್ ಟ್ಯಾಂಪಾ ಬೇ ರೌಡೀಸ್ ತಂಡವನ್ನು ಅದರ ಅಂಗಳದಲ್ಲೇ ಮಣಿಸಿ ಅದು ಫೈನಲ್ ತಲುಪಿತು.

ಆಗಸ್ಟ್ 28, ಸಿಯಾಟಲ್‌ನ ಕಿಂಗ್‌ಡೋಮ್. ಎದುರಾಳಿ ಮಿನ್ನೆಸೋಟಾ ಕಿಕ್ಸ್. ಯುಸೇಬಿಯೊ ಫ್ರೀ ಕಿಕ್‌ನಲ್ಲಿ ಮೊದಲ ಗೋಲು ಹೊಡೆದರು. ವಿರಾಮದ ನಂತರ ಇವಾನ್ ಲುಕಾಚೆವಿಚ್ ಮತ್ತು ಬ್ರೆಜಿಲ್‌ನ ಇವಾಯರ್ ಒಂದೊಂದು ಸೇರಿಸಿದರು. 3–0! ಆ ಲೀಗ್‌ನ ಪ್ರಶಸ್ತಿ ಮೊದಲ ಬಾರಿಗೆ ಕೆನಡಾದ ತಂಡವೊಂದರ ಪಾಲಾಯಿತು. ಹಣವಂತ ಕ್ಲಬ್ಬುಗಳ ನಡುವೆ ಒಂದು ಸಮುದಾಯದ ಒಲವಿನ ಮೇಲೆ ನಿಂತ ತಂಡ ಪಡೆದ ಈ ಗೆಲುವಿಗೆ ಕೆನಡಾದ ಕ್ರೀಡಾ ಇತಿಹಾಸದಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕಿತ್ತು.

ಕಪ್ ಬಂದರೂ ಸಾಲ ತೀರಲಿಲ್ಲ. 1979ರಲ್ಲಿ ಗ್ಲೋಬಲ್ ಟೆಲಿವಿಷನ್ ಕ್ಲಬ್ಬನ್ನು ಕೊಂಡು ‘ಬ್ಲಿಝಾರ್ಡ್’ ಎಂದು ಹೆಸರು ಬದಲಿಸಿತು. ಇಟಲಿಯ ರಾಬರ್ಟೊ ಬೆಟೆಗಾರಂಥವರು ಆಡಿದ ಆ ತಂಡ 1983 ಮತ್ತು 1984ರಲ್ಲಿ ಫೈನಲ್ ತಲುಪಿ ಎರಡೂ ಸಲ ಸೋತಿತು. ಮರುವರ್ಷ ಲೀಗ್ ಕೂಡ ಬಾಗಿಲು ಹಾಕಿತು.

ಆದರೂ ಬ್ಲಿಝಾರ್ಡ್‌ನಲ್ಲಿ ಆಡಿದ್ದ ಬ್ರೂಸ್ ವಿಲ್ಸನ್ 1986ರಲ್ಲಿ ಕೆನಡಾದ ಮೊತ್ತಮೊದಲ ವಿಶ್ವಕಪ್ ತಂಡದ ನಾಯಕರಾದರು. ಇತ್ತ ಟೊರಾಂಟೊ ಕ್ರೊವೇಷಿಯಾ ತನ್ನ ಹಳೆಯ ಹೆಸರಿನಲ್ಲೇ ಸ್ಥಳೀಯ ಲೀಗ್‌ಗಳಿಗೆ ಮರಳಿ ಮತ್ತೆ ಪ್ರಶಸ್ತಿಗಳನ್ನು ಗೆಲ್ಲತೊಡಗಿತು.