ಮೊದಲ ಮಾತಿನ ಬೆಲೆ

ಉದ್ಯೋಗವನ್ನು ಅರಸಿ ಹೈದರಾಬಾದಿಗೆ ಬಂದ ನಮ್ಮ ಕನ್ನಡಿಗರಲ್ಲಿ ದುಡಿಮೆಯ ಕೊರತೆಯಿದೆಯೆಂದು ಯಾರೂ ಹೇಳಲಾರರು. ಬೆಳಗಿನ ಜಾವದಿಂದಲೇ ಹೊಟೆಲಿನ ಒಲೆಯ ಮುಂದೆ ನಿಲ್ಲುವವರೂ, ಕಚೇರಿಯ ಲೆಕ್ಕವನ್ನು ಒಂದು ಕಾಸಿನ ತಪ್ಪಿಲ್ಲದೆ ಇಡುವವರೂ ನಮ್ಮಲ್ಲಿ ಅನೇಕರಿದ್ದಾರೆ. ಆದರೆ ತಾವು ಬಲ್ಲುದನ್ನು, ತಮಗೆ ಬೇಕಾದುದನ್ನು ನಾಲ್ಕು ಜನರೆದುರು ನಿಂತು ಹೇಳುವ ಪ್ರಸಂಗ ಬಂದಾಗ ಇವರಲ್ಲಿ ಹಲವರ ನಾಲಗೆ ತಡವರಿಸುತ್ತದೆ. ಅದರಲ್ಲಿಯೂ ಆರಂಭದ ಮಾತಿನಲ್ಲಿಯೇ ಅವರು ಸೋಲುತ್ತಾರೆ. ಕಚೇರಿಗಳಲ್ಲಿ ಪ್ರೆಸೆಂಟೇಷನ್ ಎಂದು ಕರೆಯುವ ವಿಷಯಮಂಡನೆಗೂ, ಸಾಲಕ್ಕಾಗಿ ಬ್ಯಾಂಕಿನ ಮ್ಯಾನೇಜರರ ಮುಂದೆ ಆಡುವ ಮಾತಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಈ ಉಪದೇಶವನ್ನು ಮಾಡುತ್ತಿರುವ ನಾವೂ ಒಮ್ಮೆ ಎಡವಿದವರೇ. ಕೆಲವು ವರ್ಷಗಳ ಹಿಂದೆ, ನಾವು ಗುಮಾಸ್ತರಾಗಿದ್ದ ಖಾಸಗಿ ಸಂಸ್ಥೆಯೊಂದರಲ್ಲಿ ಸರಕು ಸಾಗಣೆಯ ಲೆಕ್ಕಗಳನ್ನು ಪರಿಶೀಲಿಸಿ, ತಿಂಗಳಿಗೆ 40,000 ರೂಪಾಯಿ ಉಳಿಸುವ ಮಾರ್ಗವೊಂದನ್ನು ಕಂಡುಕೊಂಡೆವು. ಅದನ್ನು ಹಿರಿಯ ಅಧಿಕಾರಿಗಳ ಮುಂದೆ ಮಂಡಿಸಲು ಅಪ್ಪಣೆಯೂ ದೊರೆಯಿತು. ನಾವು ಮಾಡಿದ್ದೇನು? ಮೊದಲು ಎಲ್ಲರಿಗೂ ಕೃತಜ್ಞತೆ. ಬಳಿಕ ನಮ್ಮ ಇಂಗ್ಲಿಷಿನ ದೋಷಗಳಿಗಾಗಿ ಕ್ಷಮಾಯಾಚನೆ. ಅನಂತರ ಸಂಸ್ಥೆ ಬೆಳೆದುಬಂದ ಇತಿಹಾಸ. ಉಳಿತಾಯದ ಅಂಕಿಯಿದ್ದುದು ಹದಿನಾಲ್ಕನೆಯ ಸ್ಲೈಡಿನಲ್ಲಿ. ಆರನೆಯದು ಬರುವಷ್ಟರಲ್ಲಿ ಮುಖ್ಯಾಧಿಕಾರಿಗಳು ಗಡಿಯಾರವನ್ನು ನೋಡಿ ಎದ್ದು ಹೋದರು. ಮರುವರ್ಷ ಅದೇ ಸಲಹೆಯನ್ನು ಬೇರೊಬ್ಬರು ಎರಡೇ ವಾಕ್ಯಗಳಲ್ಲಿ ಹೇಳಿ ಬಡ್ತಿ ಪಡೆದರು. ಯಾರನ್ನೂ ದೂರಿ ಪ್ರಯೋಜನವಿಲ್ಲ. ತಪ್ಪು ನಮ್ಮದೇ ಆಗಿತ್ತು.

ಹತ್ತು ನಿಮಿಷದ ಭೇಟಿ

ಈ ನಗರದ ಇಂದಿನ ರೂಪಕ್ಕೆ ಕಾರಣವಾದ ಸಂಗತಿಗಳಲ್ಲಿ ಇಂಥ ಒಂದು ಮಂಡನೆಯೂ ಸೇರಿದೆ. 1997ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಬಿಲ್ ಗೇಟ್ಸ್ ಅವರು ದೆಹಲಿಗೆ ಬಂದಿದ್ದಾಗ, ಅಂದಿನ ಅವಿಭಜಿತ ಆಂಧ್ರಪ್ರದೇಶದ ಮುಖ್ಯಮಂತ್ರಿ ಎನ್. ಚಂದ್ರಬಾಬು ನಾಯ್ಡು ಅವರು ಭೇಟಿಗೆ ಅವಕಾಶ ಕೋರಿದರು. ರಾಜಕಾರಣಿಗಳನ್ನು ಕಾಣುವುದರಲ್ಲಿ ಗೇಟ್ಸ್ ಅವರಿಗೆ ಆಸಕ್ತಿಯಿರಲಿಲ್ಲವೆಂದೂ, ಕೇಳಿದ್ದು ಹತ್ತೇ ನಿಮಿಷವಾದರೂ ಮಾತುಕತೆ ನಲವತ್ತು ನಿಮಿಷಗಳನ್ನು ದಾಟಿತೆಂದೂ ನಾಯ್ಡು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಅಂದು ಅವರು ಲ್ಯಾಪ್‌ಟಾಪನ್ನು ಮುಂದಿಟ್ಟುಕೊಂಡು ತಮ್ಮ ರಾಜ್ಯದ ವಿಷಯವನ್ನು ಮಂಡಿಸಿದರು. 1998ರಲ್ಲಿ ಮೈಕ್ರೋಸಾಫ್ಟಿನ ಅಭಿವೃದ್ಧಿ ಕೇಂದ್ರವು ಹೈದರಾಬಾದಿನಲ್ಲಿ ಆರಂಭವಾಯಿತು.

ಒಂದು ಭೇಟಿಯಿಂದಲೇ ಇದೆಲ್ಲ ಆಯಿತೆನ್ನುವುದು ಅತಿಶಯೋಕ್ತಿಯಾದೀತು. ನುರಿತ ಎಂಜಿನಿಯರುಗಳಿಲ್ಲದ ಊರಿಗೆ ಬರಿಯ ಮಾತನ್ನು ನಂಬಿ ಯಾವ ಸಂಸ್ಥೆಯೂ ಬರುವುದಿಲ್ಲ. ಆದರೂ ಆ ಆರಂಭದಿಂದ ನಾವು ಕಲಿಯಬೇಕಾದ ಪಾಠವಿದೆ. ಗಣಕಯಂತ್ರದ ಲೋಕದಲ್ಲಿಯೇ ಬಾಳುವ ವ್ಯಕ್ತಿಯ ಮುಂದೆ, ರಾಜಕಾರಣಿಯಾದವರು ಅದೇ ಲೋಕದ ಉಪಕರಣದಿಂದ ಮಾತನ್ನು ಆರಂಭಿಸಿದರು. ಕೇಳುವವರ ಮನಸ್ಸಿನಲ್ಲಿದ್ದ ಉದಾಸೀನತೆಯು ಮೊದಲ ನೋಟದಲ್ಲಿಯೇ ಸಡಿಲವಾಗಿರಬೇಕು.

ಹಾಗೆಂದು ಉಪಕರಣವೇ ಮುಖ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. 2019ರಲ್ಲಿ ಇದೇ ನಗರದಲ್ಲಿ ಬೃಹತ್ ಕಚೇರಿಯನ್ನು ತೆರೆದ ಅಮೆಜಾನ್ ಸಂಸ್ಥೆಯ ಸ್ಥಾಪಕ ಜೆಫ್ ಬೆಜೋಸ್ ಅವರು 2004ರಲ್ಲಿಯೇ ಹಿರಿಯ ಅಧಿಕಾರಿಗಳ ಸಭೆಗಳಿಂದ ಸ್ಲೈಡುಗಳನ್ನು ಹೊರಗಿಟ್ಟು, ಆರು ಪುಟಗಳ ಬರಹವೊಂದನ್ನು ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಓದುವ ಪದ್ಧತಿಯನ್ನು ತಂದರು. ಒಬ್ಬರದು ಲ್ಯಾಪ್‌ಟಾಪು, ಇನ್ನೊಬ್ಬರದು ಕಾಗದ. ಎರಡರಲ್ಲಿಯೂ ಉಪಚಾರದ ಮಾತಿಗೆ ಕಾಲವನ್ನು ಕಳೆಯದೆ ನೇರವಾಗಿ ವಿಷಯಕ್ಕೆ ಬರುವುದೇ ಸಮಾನವಾದ ಅಂಶ.

ಮನಸ್ಸಿನ ಸ್ವಭಾವ

ಮೊದಲ ಮಾತಿಗೆ ಇಷ್ಟು ಬಲವೇಕೆ? ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು 1946ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಒಬ್ಬ ವ್ಯಕ್ತಿಯನ್ನು ವರ್ಣಿಸುವ ಆರು ಪದಗಳನ್ನು ಅವರು ಎರಡು ಗುಂಪುಗಳಿಗೆ ಓದಿ ಹೇಳಿದರು. ಒಂದು ಗುಂಪಿಗೆ ‘ಬುದ್ಧಿವಂತ, ಪರಿಶ್ರಮಿ’ ಎಂದು ಆರಂಭಿಸಿ ‘ಹಠಮಾರಿ, ಅಸೂಯಾಪರ’ ಎಂದು ಮುಗಿಸಿದರು. ಇನ್ನೊಂದಕ್ಕೆ ಅದೇ ಪದಗಳನ್ನು ತಿರುವುಮುರುವಾಗಿ ಓದಿದರು. ಮೊದಲ ಗುಂಪಿನವರು ಆತನನ್ನು ಕೆಲವು ದೋಷಗಳುಳ್ಳ ಸಮರ್ಥನೆಂದು ಕಂಡರು. ಎರಡನೆಯವರಿಗೆ ದೋಷಗಳೇ ದೊಡ್ಡದಾಗಿ ತೋರಿದವು. ಮೊದಲು ಕೇಳಿದ್ದರ ಬೆಳಕಿನಲ್ಲಿಯೇ ಮನಸ್ಸು ಮಿಕ್ಕುದನ್ನು ನೋಡುತ್ತದೆ. ಕ್ಷಮಾಯಾಚನೆಯಿಂದ ಆರಂಭಿಸಿದವನು ತನ್ನ ದೋಷಗಳನ್ನು ಹುಡುಕುವಂತೆ ತಾನೇ ಕೇಳುಗರಿಗೆ ಸೂಚಿಸಿದಂತಾಗುತ್ತದೆ.

ಕರಾವಳಿಯಿಂದ ಬಂದ ನಮ್ಮ ಮಿತ್ರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರಕ್ಕೆ ಜೀವ ಬರಬೇಕಾದುದು ಮಾತಿನಿಂದಲೇ. ಆದುದರಿಂದ ಅರ್ಥಧಾರಿಯು ತನ್ನ ಪೀಠಿಕೆಯಲ್ಲಿ ತಾನಾರು, ಸಂದರ್ಭವೇನು, ತನ್ನ ಸಂಕಲ್ಪವೇನು ಎಂಬುದನ್ನು ನೆಲೆಗೊಳಿಸುತ್ತಾನೆ. ಪೀಠಿಕೆ ಸೊರಗಿದರೆ ಮುಂದಿನ ವಾದಕ್ಕೆ ತೂಕ ಬರುವುದು ಕಷ್ಟ. ಈ ಮೂರು ಅಂಶಗಳಿಗೆ ಕೇಳುವವರ ಕಾಳಜಿಯೊಂದನ್ನು ಸೇರಿಸಿಕೊಂಡರೆ, ವ್ಯವಹಾರದ ಯಾವ ಮಂಡನೆಗಾದರೂ ಅದೇ ಪೀಠಿಕೆಯಾಗುತ್ತದೆ.

ಬ್ಯಾಂಕಿನ ಬಾಗಿಲಲ್ಲಿ

2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ಯಮಗಳಿಗೆ ಆಸ್ತಿಯ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಹೊಟೆಲಿನಲ್ಲಿ ದುಡಿದವನು ಸ್ವಂತ ಮೆಸ್ಸೊಂದನ್ನು ತೆರೆಯಲು ಇದು ಒಳ್ಳೆಯ ದಾರಿ. ಆದರೆ ಮ್ಯಾನೇಜರರೆದುರು ನಿಂತು, ‘ಸ್ವಾಮಿ, ನಾನು ಬಡವ, ಹೆಚ್ಚು ಓದಿದವನಲ್ಲ, ದಯಮಾಡಿ ಸಹಾಯ ಮಾಡಬೇಕು’ ಎಂದು ಆರಂಭಿಸಿದರೆ, ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಈತ ಸಾಲವನ್ನು ತೀರಿಸಬಲ್ಲನೆ?

ಅದರ ಬದಲು ಹೀಗೆ ಆರಂಭಿಸಬಹುದು: ‘ಸಾರ್, ನಾನು ಹನ್ನೆರಡು ವರ್ಷ ಹೊಟೆಲಿನಲ್ಲಿ ಅಡಿಗೆ ಮಾಡಿದ್ದೇನೆ. ಆಫೀಸುಗಳ ನಡುವೆ ಒಂದು ಮೆಸ್ ತೆರೆಯಲು ಜಾಗ ನೋಡಿದ್ದೇನೆ. ದಿನಕ್ಕೆ 60 ಊಟ, ಊಟಕ್ಕೆ 80 ರೂಪಾಯಿಯಂತೆ, ಬಾಡಿಗೆ ಮತ್ತು ಖರ್ಚು ಕಳೆದು ತಿಂಗಳಿಗೆ 30,000 ಉಳಿಯುತ್ತದೆ. 3 ಲಕ್ಷ ಸಾಲ ಕೊಟ್ಟರೆ ತಿಂಗಳಿಗೆ 10,000 ಕಂತು ಕಟ್ಟಬಲ್ಲೆ. ಲೆಕ್ಕ ಇಲ್ಲಿದೆ.’ ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕು. ಆತ ಯಾರು, ಕೆಲಸವೇನು, ಸಂಕಲ್ಪವೇನು, ಬ್ಯಾಂಕಿನ ಹಣ ಮರಳುವುದು ಹೇಗೆ ಎಂಬ ನಾಲ್ಕೂ ಅದರಲ್ಲಿ ಬಂದಿವೆ. ಲೆಕ್ಕ ಮಾತ್ರ ನಿಜವಾಗಿರಬೇಕು. ಸುಳ್ಳು ಅಂಕಿಯ ಮೇಲೆ ಕಟ್ಟಿದ ಆರಂಭವು ಮುಂದಿನ ಒಂದು ಪ್ರಶ್ನೆಗೇ ಕುಸಿಯುತ್ತದೆ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. ಎದುರಿಗಿರುವವರು ತೆಲುಗರಾದರೆ ‘ನಮಸ್ಕಾರಮಂಡಿ’ ಎಂದು ತೆಲುಗಿನಲ್ಲಿಯೇ ಆರಂಭಿಸುವುದು ಲೇಸು. ಇಂಗ್ಲಿಷ್ ಬಾರದಿದ್ದರೆ ನಾಚಬೇಕಾಗಿಲ್ಲ. ಬಾರದ ಇಂಗ್ಲಿಷಿಗಿಂತ ಬರುವ ತೆಲುಗು ಅಥವಾ ಹಿಂದಿ ಹೆಚ್ಚು ಗೌರವವನ್ನು ತರುತ್ತದೆ. ಮೊದಲ ಮೂರು ವಾಕ್ಯಗಳನ್ನು ಬರೆದು ಬಾಯಿಪಾಠ ಮಾಡಿಕೊಳ್ಳಬೇಕು; ಉಳಿದುದನ್ನು ನೋಡಿ ಹೇಳಿದರೂ ಚಿಂತೆಯಿಲ್ಲ. ರಾತ್ರಿ ಕೋಣೆಗೆ ಮರಳಿದ ಮೇಲೆ ಜೊತೆಗಾರನೊಬ್ಬನನ್ನು ಮ್ಯಾನೇಜರನ ಸ್ಥಾನದಲ್ಲಿ ಕೂರಿಸಿ ನಾಲ್ಕು ಸಲ ಹೇಳಿ ನೋಡಿದರೆ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ.

ಗಿರಾಕಿ ಬಂದು ಕುಳಿತೊಡನೆ ಒಳ್ಳೆಯ ಮಾಣಿಯು ತನ್ನ ಕಷ್ಟಸುಖವನ್ನಾಗಲಿ, ಹೊಟೆಲಿನ ಇತಿಹಾಸವನ್ನಾಗಲಿ ಹೇಳುವುದಿಲ್ಲ. ಮೇಜನ್ನು ಒರೆಸಿ, ನೀರಿನ ಲೋಟವನ್ನಿಟ್ಟು, ಬಿಸಿಯಾಗಿ ಏನಿದೆಯೆಂಬುದನ್ನು ಹೇಳುತ್ತಾನೆ. ಬಾಯಾರಿ ಬಂದವನಿಗೆ ಮೊದಲು ಬೇಕಾದುದು ಏನೆಂದು ಅವನು ಬಲ್ಲ. ದಿನಕ್ಕೆ ನೂರು ಸಲ ಇದನ್ನು ಮಾಡುವ ನಮ್ಮ ತರುಣರು ಬ್ಯಾಂಕಿನಲ್ಲಿಯೂ ಕಚೇರಿಯಲ್ಲಿಯೂ ಅದನ್ನೇ ಮಾಡಿದರೆ ಸಾಕು. ನಾವು ಹದಿನಾಲ್ಕನೆಯ ಸ್ಲೈಡಿನಲ್ಲಿ ಬಚ್ಚಿಟ್ಟು ಕಳೆದುಕೊಂಡುದನ್ನು ಅವರು ಮೊದಲ ವಾಕ್ಯದಲ್ಲಿಯೇ ಹೇಳಿ ಪಡೆಯಲಿ ಎಂಬುದು ನಮ್ಮ ಹಾರೈಕೆ.